ಫೋಟೋದಲ್ಲಿ ಮಾವ ಎಲ್ಲಿ? ಗಂಗಾವತಿಯಿಂದ ಗೋಮುಖಕ್ಕೆ

ಗಂಗಾವತಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ಸೀಮಂತ, ಪಾಸ್‌ಪೋರ್ಟ್ ಸೈಜು, ಇಷ್ಟೇ ನನ್ನ ಲೋಕ. ಬಿಡುವಾದರೆ ಆನೆಗೊಂದಿ, ಸಾಣಾಪುರದ ಕಡೆ ಬೈಕ್ ತಿರುಗಿಸಿ ಬಂಡೆಗಳ ಫೋಟೋ ತೆಗೆಯುತ್ತೇನೆ. ಹಿಮನದಿಯ ಫೋಟೋ ತೆಗೆಯಬೇಕು ಅನ್ನೋದು ಎಷ್ಟೋ ವರ್ಷದ ಆಸೆ. 2024ರ ದಸರಾ ಮುಗಿದು, ಮದುವೆ ಸೀಸನ್ ಶುರುವಾಗುವ ಮುಂಚೆ ಹತ್ತು ದಿನ ಸಿಕ್ಕಿತು. ಬರ್ತೀನಿ ಬರ್ತೀನಿ ಅಂದಿದ್ದ ಗೆಳೆಯರೆಲ್ಲ ಒಬ್ಬೊಬ್ಬರಾಗಿ ಕೈಕೊಟ್ಟರು. ಕೊನೆಗೆ ಹೊರಟು ನಿಂತವರು ನನ್ನ ಸೋದರಮಾವ, ವಯಸ್ಸು 63.

ಮಾವನ ಬಗ್ಗೆ ಸ್ವಲ್ಪ ಹೇಳಲೇಬೇಕು, ಇಲ್ಲಾಂದ್ರೆ ಮುಂದಿನದು ಅರ್ಥ ಆಗಲ್ಲ. ಅವರು ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ ಗೇಜ್ ನೋಡುವ ಕೆಲಸ ಮಾಡಿ ರಿಟೈರ್ ಆದವರು. ಮೂವತ್ತು ವರ್ಷ ಬೆಳಿಗ್ಗೆ ಸಂಜೆ ದಂಡೆಗೆ ಹೋಗಿ, ನೀರು ಎಷ್ಟು ಅಡಿ ಇದೆ ಅಂತ ನೋಡಿ ಪುಸ್ತಕದಲ್ಲಿ ಬರೆದಿದ್ದಾರೆ. ಹಾಗಾಗಿ ಅವರಿಗೆ ಲೋಕದಲ್ಲಿ ಇರೋದು ಮೂರೇ ಅಳತೆ: ಅಡಿ, ಕ್ಯುಸೆಕ್, ಗೇಟ್. ಆ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತಲ್ಲ, ಆಗ ಅವರು ಮೂರು ದಿನ ಸರಿಯಾಗಿ ಊಟ ಮಾಡಿರಲಿಲ್ಲ. "ಗಂಗಾ ಎಲ್ಲಿಂದ ಹೊರಡ್ತಾಳ ನೋಡಿ ಬರೋಣ ನಡಿ ಅಳಿಯಾ" ಅಂದರು. ಇದೆಲ್ಲ ಆಗಿ ವರ್ಷದ ಮೇಲಾಯಿತು, ಬರೆಯೋಕೆ ಈಗ ಕೈ ಬಂತು.

ಮೊದಲ ಎರಡು ದಿನ

ಬೆಂಗಳೂರಿಗೆ ರಾತ್ರಿ ಬಸ್ಸು, ಅಲ್ಲಿಂದ ಡೆಹ್ರಾಡೂನ್ ವಿಮಾನ, ಅಲ್ಲಿಂದ ಜೀಪು. ಇದರಲ್ಲಿ ಹೇಳುವಂಥದ್ದು ಏನೂ ಇಲ್ಲ, ಮಾವನ ಚೀಲ ಒಂದನ್ನು ಬಿಟ್ಟು. ಅದರಲ್ಲಿ ನಲವತ್ತು ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಗುರೆಳ್ಳು ಚಟ್ನಿ ಪುಡಿ, ಒಂದು ಡಬ್ಬಿ ಕೆಂಪು ಚಟ್ನಿ. ವಿಮಾನ ನಿಲ್ದಾಣದಲ್ಲಿ ರೊಟ್ಟಿ ಕಟ್ಟನ್ನು ಎರಡು ಸಲ ಸ್ಕ್ಯಾನ್ ಮಾಡಿದರು. ನಗಬೇಡಿ, ಬೆಟ್ಟದ ಮೇಲೆ ನಮ್ಮನ್ನು ಕಾಪಾಡಿದ್ದು ಅದೇ. ಕೆಡಲ್ಲ, ಹಗುರ, ಚೂರಾದರೂ ನಷ್ಟ ಇಲ್ಲ.

ಚಂಬಾ ದಾಟಿದ ಮೇಲೆ ಕೆಳಗೆ ಟೆಹ್ರಿ ಡ್ಯಾಮಿನ ಹಿನ್ನೀರು ಕಾಣಿಸಿತು. ಮಾವ ಡ್ರೈವರನ್ನು ಡ್ಯಾಮ್ ಎತ್ತರ ಎಷ್ಟು ಅಂತ ಕೇಳಿದರು. ಅವನು ಸುಮ್ನೆ "ಬಹುತ್" ಅಂದ. ನಾನು ಫೋನಿನಲ್ಲಿ ನೋಡಿ ಹೇಳಿದೆ, 260 ಮೀಟರ್. ನಮ್ಮ ಡ್ಯಾಮ್ 49 ಮೀಟರ್ ಚಿಲ್ಲರೆ. ಮಾವ ಮುಂದಿನ ಅರ್ಧ ಗಂಟೆ ಮಾತಾಡಲಿಲ್ಲ.

ಗೋಮುಖ ಅಂದರೆ ಗಂಗೋತ್ರಿ ಹಿಮನದಿಯ ಬಾಯಿ, ಗಂಗೆ ಹೊರಡುವ ಜಾಗ. ಅಲ್ಲಿಗೆ ದಿನಕ್ಕೆ 150 ಜನರನ್ನು ಮಾತ್ರ ಬಿಡುತ್ತಾರೆ. ಉತ್ತರಕಾಶಿಯಲ್ಲಿ ಅರಣ್ಯ ಇಲಾಖೆಯ ಪರ್ಮಿಟ್ ಮಾಡಿಸಿಕೊಳ್ಳಬೇಕಿತ್ತು. ನಾವು ಸಂಜೆ ಮುಟ್ಟಿದ್ದರಿಂದ ಕೆಲಸ ಮರುದಿನಕ್ಕೆ ಹೋಯಿತು. ಆಧಾರ್ ಜೆರಾಕ್ಸ್ ನಾಲ್ಕೈದು ಪ್ರತಿ ಊರಿನಿಂದಲೇ ತನ್ನಿ. ಅಲ್ಲಿ ಬೆಳಿಗ್ಗೆ ಕರೆಂಟ್ ಹೋಗಿ ಜೆರಾಕ್ಸ್ ಅಂಗಡಿ ಮುಂದೆ ಒಂದು ಗಂಟೆ ನಿಂತೆವು.

ಮೂರನೇ ದಿನ: ಉತ್ತರಕಾಶಿಯಿಂದ ಗಂಗೋತ್ರಿ

ನೂರು ಕಿಲೋಮೀಟರ್ ರಸ್ತೆ, ಪೂರ್ತಿ ದಿನ ಹಿಡಿಯಿತು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಭಾಗೀರಥಿ ನದಿ (ಗಂಗೆಗೆ ಇಲ್ಲಿ ಇದೇ ಹೆಸರು), ಮಧ್ಯೆ ಅಲ್ಲಲ್ಲಿ ಮಣ್ಣು ಕುಸಿದು ಜೆಸಿಬಿ ಕೆಲಸ. ಗಂಗ್ನಾನಿಯಲ್ಲಿ ಬಿಸಿನೀರಿನ ಬುಗ್ಗೆ ಇದೆ. ಮಾವ ಇಳಿದು ಸ್ನಾನ ಮಾಡಿ ಬಂದರು, ನಾನು ಕ್ಯಾಮೆರಾ ಕಾಯುತ್ತಾ ಕೂತೆ. ಇವತ್ತಿಗೂ ಅದಕ್ಕೆ ಪಶ್ಚಾತ್ತಾಪ ಇದೆ, ಯಾಕಂದ್ರೆ ಮುಂದೆ ನಾಲ್ಕು ದಿನ ಬಿಸಿನೀರು ಅನ್ನೋದೇ ಸಿಗಲಿಲ್ಲ.

ಹರ್ಸಿಲ್ ಹತ್ತಿರ ಕಣಿವೆ ಅಗಲ ಆಗುತ್ತದೆ. ದೇವದಾರು ಮರ, ಸೇಬಿನ ತೋಟ. ಧರಾಲಿಯಲ್ಲಿ ಇಳಿದು ರಾಜ್ಮಾ ಅನ್ನ ಉಂಡೆವು. ಆ ಕಡೆಯ ರಾಜ್ಮಾ ಸಣ್ಣದು, ಬಾಯಲ್ಲಿ ಬೆಣ್ಣೆ ತರ ಕರಗುತ್ತದೆ. ಸೇಬು ಮಾರುತ್ತಿದ್ದ ಹೆಂಗಸಿಗೆ ಮಾವ ಎರಡು ಕಡಕ್ ರೊಟ್ಟಿ, ಚಟ್ನಿ ಪುಡಿ ಕೊಟ್ಟರು. ಆಕೆ ಒಂದು ಚೂರು ಮುರಿದು ತಿಂದು, ಕಣ್ಣಲ್ಲಿ ನೀರು ತಂದುಕೊಂಡು, ನಕ್ಕು, ಎರಡು ಸೇಬು ಜಾಸ್ತಿ ಹಾಕಿದಳು. ಆ ನಗುವಿನ ಫೋಟೋ ನನ್ನ ಹತ್ತಿರ ಇದೆ. ಹಿಂದೆ ಅಂಗಡಿ ಸಾಲು, ಹೋಟೆಲ್ ಬೋರ್ಡುಗಳು ಎಲ್ಲ ಕಾಣುತ್ತವೆ. 2025ರ ಆಗಸ್ಟ್ 5ರಂದು ಖೀರ್ ಗಂಗಾ ಹಳ್ಳದಲ್ಲಿ ನೀರು, ಕಲ್ಲು, ಕೆಸರು ಒಟ್ಟಿಗೆ ನುಗ್ಗಿ ಆ ಬಜಾರ್ ಮುಚ್ಚಿಹೋಯಿತು. ವಿಡಿಯೋ ನೀವೂ ನೋಡಿರುತ್ತೀರಿ. ಆ ಫೋಟೋ ಎಷ್ಟು ಸಲ ತೆರೆದು ನೋಡಿದ್ದೇನೋ ಲೆಕ್ಕ ಇಲ್ಲ. ಆಕೆ ಹೇಗಿದ್ದಾಳೋ ಗೊತ್ತಿಲ್ಲ.

ಗಂಗೋತ್ರಿ ಸುಮಾರು 3,100 ಮೀಟರ್ ಎತ್ತರದಲ್ಲಿದೆ. ಅಲ್ಲಿ ಎರಡು ರಾತ್ರಿ ಉಳಿದೆವು. ಒಂದೇ ರಾತ್ರಿ ಇದ್ದು ನಡೆಯೋಕೆ ಶುರು ಮಾಡುವವರೂ ಇದ್ದಾರೆ, ಆದರೆ ನಮ್ಮಂಥ ಬಯಲುಸೀಮೆಯವರು ಒಂದು ದಿನ ಸುಮ್ನೆ ಕೂತು ಆ ಗಾಳಿಗೆ ಹೊಂದಿಕೊಳ್ಳೋದು ಒಳ್ಳೇದು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. "ಅಂಜನಾದ್ರಿ 575 ಮೆಟ್ಟಿಲು ನಿಲ್ದಂಗ ಹತ್ತೀನಿ, ಇಲ್ಲಿ ಇಪ್ಪತ್ತಕ್ಕ ಸಾಕಾತು" ಅಂತ ಮಾವ ದೇವಸ್ಥಾನದ ಮುಂದೆ ಕೂತುಬಿಟ್ಟರು.

ಐದನೇ ದಿನ: ಭೋಜ್‌ಬಾಸಾಕ್ಕೆ 14 ಕಿಲೋಮೀಟರ್

ಬೆಳಿಗ್ಗೆ ಆರಕ್ಕೆ ಹೊರಟೆವು. ಕನಖು ಚೆಕ್‌ಪೋಸ್ಟಿನಲ್ಲಿ ಪರ್ಮಿಟ್ ನೋಡಿ, ಚೀಲ ಬಿಚ್ಚಿಸಿ, ಪ್ಲಾಸ್ಟಿಕ್ ಕವರ್ ಎಷ್ಟಿವೆ ಅಂತ ಎಣಿಸಿದರು. ಮಾವನ ರೊಟ್ಟಿ ಬಟ್ಟೆಯಲ್ಲಿ ಕಟ್ಟಿದ್ದರಿಂದ ಅವರಿಗೆ ಶಭಾಷ್‌ಗಿರಿ. ನನ್ನ ಚೀಲದಲ್ಲಿ ಹನ್ನೊಂದು ಕವರ್ ಸಿಕ್ಕವು.

ದಾರಿ ಏರು ಅಂತ ಅನ್ನಿಸಲ್ಲ, ಆದರೆ ಏರುತ್ತಲೇ ಇರುತ್ತದೆ. ಒಂಬತ್ತು ಕಿಲೋಮೀಟರ್‌ಗೆ ಚೀಡ್‌ಬಾಸಾ, ಅಲ್ಲಿಯವರೆಗೆ ಪೈನ್ ಮರ. ಆಮೇಲೆ ಮರ ಕಮ್ಮಿಯಾಗುತ್ತಾ ಹೋಗಿ ಪೂರ್ತಿ ಬೋಳು. ಭೋಜ್‌ಬಾಸಾ ಅಂದರೆ ಭೋಜಪತ್ರೆ ಮರಗಳ ಜಾಗ. ಹಿಂದಿನವರು ಬರೆಯೋಕೆ ಬಳಸುತ್ತಿದ್ದ ತೊಗಟೆಯ ಮರ. ಹೆಸರು ಉಳಿದಿದೆ, ಮರ ಹುಡುಕಬೇಕು.

ಫೋಟೋ ತೊಂದರೆ ಶುರುವಾಗಿದ್ದು ಈ ದಾರಿಯಲ್ಲೇ. ಮುಂದೆ ಭಾಗೀರಥಿ ಶಿಖರಗಳು, ಅದರಲ್ಲಿ ದೊಡ್ಡದು 6,856 ಮೀಟರ್. ಕಣ್ಣಿಗೆ ಮೈ ಜುಮ್ ಅನ್ನಿಸುವ ಹಾಗೆ ನಿಂತಿವೆ. ಮದುವೆ ಮಂಟಪದಲ್ಲಿ ಇಡೀ ಬೀಗರ ಬಳಗವನ್ನು ಒಂದೇ ಫ್ರೇಮಿಗೆ ತುಂಬಿಸುವ ನನ್ನ ವೈಡ್ ಲೆನ್ಸ್ ಹಾಕಿ ಕ್ಲಿಕ್ ಮಾಡಿದೆ. ಪರದೆಯಲ್ಲಿ ನೋಡಿದರೆ ಹುತ್ತ! ವೈಡ್ ಲೆನ್ಸ್ ಹತ್ತಿರದ ಕಲ್ಲನ್ನು ದೊಡ್ಡದು ಮಾಡಿ, ದೂರದ ಶಿಖರವನ್ನು ಇನ್ನೂ ದೂರ ತಳ್ಳುತ್ತದೆ. ಗೊತ್ತಿದ್ದದ್ದೇ, ಆದರೂ ಎಪ್ಪತ್ತು ಫೋಟೋ ತೆಗೆದ ಮೇಲೆ ಬುದ್ಧಿ ಬಂತು.

ಇನ್ನೊಂದು ತೊಂದರೆ ಗಾಳಿಯದು. ನಮ್ಮ ಕಡೆ ದೂರದ ಗುಡ್ಡ ಧೂಳಲ್ಲಿ ಮಸುಕಾಗಿ ಕಾಣುತ್ತದೆ, ಆ ಮಸುಕಿನಿಂದಲೇ ಕಣ್ಣು ದೂರ ಅಳೆಯುತ್ತದೆ. ಅಲ್ಲಿ ಮಸುಕೇ ಇಲ್ಲ. ಹತ್ತು ಕಿಲೋಮೀಟರ್ ಆಚೆಯ ಬಂಡೆಯೂ ಅಂಚು ಕೊರೆದ ಹಾಗೆ ಕಾಣುತ್ತದೆ. ಮರ ಇಲ್ಲ, ಮನೆ ಇಲ್ಲ, ಕರೆಂಟ್ ಕಂಬ ಇಲ್ಲ. ಯಾವುದು ದೊಡ್ಡದು, ಯಾವುದು ಸಣ್ಣದು ಅಂತ ಹೇಳೋಕೆ ಏನೂ ಇಲ್ಲ.

ಭೋಜ್‌ಬಾಸಾಕ್ಕೆ ಸ್ವಲ್ಪ ಮುಂಚೆ ಗೀಲಾ ಪಹಾಡ್ ಅನ್ನೋ ಜಾಗ, ಮೇಲಿಂದ ಕಲ್ಲು ಉರುಳುತ್ತಿರುತ್ತವೆ. ಅಲ್ಲಿ ನಿಂತು ಫೋಟೋ ತೆಗೆಯಬೇಡಿ. ನಾನು ತೆಗೆದೆ, ಹಿಂದಿನಿಂದ ಬಂದ ಕುದುರೆಯವನು ಹಿಂದಿಯಲ್ಲಿ ಉಗಿದ ಉಗಿತ ಮಾವನಿಗೂ ಅರ್ಥವಾಯಿತು.

ರಾತ್ರಿ ಆಶ್ರಮದಲ್ಲಿ ಕಿಚಡಿ. ಬೆಂಕಿ ಮುಂದೆ ಕೂತಿದ್ದ ಅದೇ ಕುದುರೆಯವನಿಗೆ ಮಾವ ರೊಟ್ಟಿ ಕೊಟ್ಟು ರಾಜಿ ಮಾಡಿಕೊಂಡರು. ಅವನು ನೇಪಾಳದವನು, ಮೇ ತಿಂಗಳಿಂದ ದೀಪಾವಳಿವರೆಗೆ ಇಲ್ಲೇ. ಮಾವನ ಹಿಂದಿ ನಮ್ಮೂರ ಸಂತೆಯ ಹಿಂದಿ, ಆದರೂ ಇಬ್ಬರೂ ಒಂದು ಗಂಟೆ ಹರಟಿದರು. ಅವನು ಹೇಳಿದ ಒಂದು ಮಾತು ಮರುದಿನ ಕೆಲಸಕ್ಕೆ ಬಂತು: ಹಳ್ಳ ದಾಟೋದಿದ್ದರೆ ಬೆಳಿಗ್ಗೆಯೇ ದಾಟಿ, ಬಿಸಿಲು ಏರಿದ ಮೇಲೆ ಹಿಮ ಕರಗಿ ನೀರು ಹೆಚ್ಚುತ್ತದೆ.

ನಾನು ಬ್ಯಾಟರಿಗಳನ್ನು ಚೀಲದಲ್ಲೇ ಬಿಟ್ಟು ಮಲಗಿದೆ. ಇದು ನನ್ನ ದೊಡ್ಡ ತಪ್ಪು.

ಆರನೇ ದಿನ: ಗೋಮುಖ

ಬೆಳಿಗ್ಗೆ ಐದಕ್ಕೆ ಎದ್ದರೆ ನಾಲ್ಕು ಬ್ಯಾಟರಿಯಲ್ಲಿ ಎರಡು ಸತ್ತಿದ್ದವು, ಮೂರನೆಯದು ಕೆಂಪು ತೋರಿಸುತ್ತಿತ್ತು. ಚಳಿಗೆ ಬ್ಯಾಟರಿಯ ಕಸುವು ಇಳಿಯುತ್ತದೆ. ಮಾವ ಮಾತಾಡದೆ ಮೂರನ್ನೂ ತಗೊಂಡು ಬನಿಯನ್ ಜೇಬಿಗೆ ಇಳಿಸಿಕೊಂಡು, ಮೇಲೆ ಕೆಂಪು ಸ್ವೆಟರ್, ಅದರ ಮೇಲೆ ಶಾಲು ಸುತ್ತಿದರು. ಒಂದು ಗಂಟೆ ಬಿಟ್ಟು ನೋಡಿದರೆ ಎರಡಕ್ಕೆ ಜೀವ ಬಂದಿತ್ತು.

ನಡೆಯುವಾಗ ಬೋರ್ನ್ ನೆನಪಾದ. ಸ್ಯಾಮ್ಯುಯೆಲ್ ಬೋರ್ನ್ ಅನ್ನೋ ಇಂಗ್ಲಿಷ್ ಫೋಟೋಗ್ರಾಫರ್ 1866ರಲ್ಲೇ ಇಲ್ಲಿ ಬಂದು ಈ ಹಿಮನದಿಯ ಬಾಯಿಯ ಫೋಟೋ ತೆಗೆದಿದ್ದಾನೆ. ಆಗ ಬ್ಯಾಟರಿ ಇಲ್ಲ, ಫಿಲ್ಮೂ ಇಲ್ಲ. ಗಾಜಿನ ತಟ್ಟೆಗೆ ರಾಸಾಯನಿಕ ಬಳಿದು, ಅದು ಒಣಗುವ ಮುಂಚೆ ಫೋಟೋ ಹೊಡೆದು, ಅಲ್ಲೇ ಕತ್ತಲೆ ಡೇರೆಯಲ್ಲಿ ತೊಳೆಯಬೇಕು. ಈ ಚಳಿಯಲ್ಲಿ! ಎರಡು ಬ್ಯಾಟರಿ ಸತ್ತಿದ್ದಕ್ಕೆ ಗೊಣಗಿದ್ದು ನಾಚಿಕೆ ಆಯಿತು.

ಮೊದಲ ಸಣ್ಣ ಹಳ್ಳಕ್ಕೆ ಎರಡು ಮರದ ದಿಮ್ಮಿ ಅಡ್ಡ ಹಾಕಿದ್ದರು. ದಾಟುವ ಮುಂಚೆ ಮಾವ ಬಗ್ಗಿ, ನೀರಿನ ಅಂಚಿಗೆ ಸರಿಯಾಗಿ ಮೂರು ಬೆಣಚುಕಲ್ಲು ಸಾಲಾಗಿ ಇಟ್ಟರು. ಯಾಕೆ ಮಾವ ಅಂದೆ. "ವಾಪಸ್ ಬರುವಾಗ ನೋಡೋಣಲ್ಲ" ಅಂದರು.

ದಾರಿಯಲ್ಲಿ ಒಂದು ಬಂಡೆಯ ಮೇಲೆ ಬಣ್ಣದಲ್ಲಿ 1966 ಅಂತ ಬರೆದಿತ್ತು. ಆ ಇಸವಿಯಲ್ಲಿ ಹಿಮನದಿಯ ಬಾಯಿ ಇಲ್ಲಿತ್ತು ಅಂತ. ಮುಂದೆ ನೋಡಿದರೆ ಹಿಮ ಎಲ್ಲೂ ಇಲ್ಲ, ಕಲ್ಲು, ಮರಳು, ನದಿ. ಸರಾಸರಿ ವರ್ಷಕ್ಕೆ ಸುಮಾರು 20 ಮೀಟರ್ ಹಿಂದೆ ಸರಿಯುತ್ತಾ ಬಂದಿದೆ ಅಂತ ನಾನು ಓದಿದ್ದು ಹೇಳಿದೆ. ಮಾವ ಆ ಬಂಡೆಯನ್ನು ಕೈಯಿಂದ ಸವರಿದರು. "ಇದು ಗೇಜ್ ಕಲ್ಲು ನೋಡಪಾ" ಅಂದರು. ಅಲ್ಲಿಂದ ಹೆಜ್ಜೆ ಎಣಿಸೋಕೆ ಶುರು ಮಾಡಿದರು. ಮಾತಾಡಿಸಿದರೆ ಕೈ ಅಡ್ಡ ಮಾಡುತ್ತಿದ್ದರು. ಸಾವಿರದ ಎಂಟುನೂರು ಚಿಲ್ಲರೆಗೆ ನೀಲಿಕುರಿಗಳ ಹಿಂಡು ಒಂದು ದಾರಿಗೆ ಅಡ್ಡ ಬಂದು ಲೆಕ್ಕ ತಪ್ಪಿತು. ಆ ಕುರಿಗಳನ್ನು ಬೈದ ಬೈಗುಳ ಇಲ್ಲಿ ಬರೆಯೋ ಹಾಗಿಲ್ಲ.

ಆಮೇಲೆ ಗೋಮುಖ ಕಂಡಿತು. ಮಾವನ ಮೊದಲ ಮಾತು: "ಇಷ್ಟೇನಾ? ಕುಷ್ಟಗಿ ಕಡೆ ಕಲ್ಲು ಕ್ವಾರಿ ಆಗೈತಲ್ಲೋ ಇದು!"

ನಿಜಕ್ಕೂ ಹಾಗೇ ಇತ್ತು. ಹಿಮನದಿ ಅಂದರೆ ಬೆಳ್ಳಗೆ ಹೊಳೆಯುತ್ತದೆ ಅಂದುಕೊಂಡು ಹೋಗಿದ್ದೆವು. ಗಂಗೋತ್ರಿ ಹಿಮನದಿಯ ಮೈತುಂಬಾ ಕಲ್ಲು, ಜಲ್ಲಿ, ಬೂದು ಮಣ್ಣು. ಮುಂಭಾಗದ ಗೋಡೆ ಒಡೆದಿರುವ ಕಡೆ ಮಾತ್ರ ಒಳಗಿನ ಮಂಜುಗಡ್ಡೆ ನೀಲಿಯಾಗಿ ಕಾಣುತ್ತದೆ. ವರ್ಷಗಟ್ಟಲೆ ಭಾರ ಬಿದ್ದು, ಒಳಗಿನ ಗಾಳಿಗುಳ್ಳೆ ಹೊರಹೋಗಿ ಗಟ್ಟಿಯಾದ ಮಂಜುಗಡ್ಡೆ ಬೆಳಕಿನ ಕೆಂಪು ನುಂಗಿಕೊಂಡು ನೀಲಿಯನ್ನು ಬಿಡುತ್ತದಂತೆ. ಕ್ಯಾಮೆರಾದಲ್ಲಿ ಬಣ್ಣದ ಸೆಟ್ಟಿಂಗ್ ಆಟೋದಲ್ಲಿ ಇಟ್ಟಿದ್ದರೆ ಆ ನೀಲಿಯನ್ನು ಅದು ತಪ್ಪು ಅಂತ ತಿಳಿದು ಒರೆಸಿಹಾಕುತ್ತದೆ, ಡೇಲೈಟ್‌ಗೆ ಹಾಕಿಕೊಳ್ಳಿ. ಕೆಳಗೆ ಗುಹೆಯಂಥ ಬಾಯಿಯಿಂದ ನದಿ ಹೊರಗೆ ನುಗ್ಗುತ್ತದೆ. ನೀರಿನ ಬಣ್ಣ ಗ್ರಾನೈಟ್ ಪಾಲಿಶ್ ಮಾಡುವ ಕಡೆ ಹರಿಯುತ್ತದಲ್ಲ, ಅದೇ ಬೂದು. ಕಾರಣವೂ ಅದೇ. ಮಂಜುಗಡ್ಡೆ ಜರುಗುತ್ತಾ ಅಡಿಯ ಬಂಡೆಯನ್ನು ಬೀಸಿ ಹಿಟ್ಟು ಮಾಡಿರುತ್ತದೆ.

ಬಂಡೆಗಳ ವಿಷಯದಲ್ಲಿ ನಾನು ಸ್ವಲ್ಪ ಜಾಣ ಅಂದುಕೊಂಡಿದ್ದೆ. ಆನೆಗೊಂದಿಯ ಬಂಡೆ ಎಲ್ಲೂ ಹೋಗಿಲ್ಲ, ಬಂದಿಲ್ಲ. ಇದ್ದಲ್ಲೇ ಬಿರುಕು ಬಿಟ್ಟು, ಮಳೆ ಬಿಸಿಲಿಗೆ ಮೂಲೆ ಕರಗಿ ಗುಂಡಗಾಗಿವೆ. ಇಲ್ಲಿನವು ಹಿಮ ಕಿತ್ತು ತಂದು ಬಿಸಾಕಿದವು, ಮೂಲೆಗಳು ಕೊಡಲಿ ಬಾಯಿಯ ಹಾಗೆ. ಗುಂಡು ಬಂಡೆ ಆಗಿದ್ದರೆ ನನಗೆ ಅಂದಾಜು ಸಿಗುತ್ತಿತ್ತೇನೋ. ಹಿಮದ ಗೋಡೆಯ ಈಚೆ ನದಿ ಪಕ್ಕ ಒಂದು ಕಲ್ಲಿತ್ತು. ಎಮ್ಮೆ ಮಲಗಿದಷ್ಟು ಇರಬಹುದು ಅಂದುಕೊಂಡೆ. ಗೋಡೆ ಅದರ ನಾಲ್ಕು ಪಟ್ಟು ಕಾಣುತ್ತಿತ್ತು. ಅಂದರೆ ನನ್ನ ಲೆಕ್ಕದಲ್ಲಿ ಒಂದು ಮನೆ ಎತ್ತರ. ಅಷ್ಟಕ್ಕೆ ಇಷ್ಟು ದೂರ ಬಂದೆವಾ ಅಂತಲೂ ಒಂದು ಕ್ಷಣ ಅನ್ನಿಸಿತು. ವೈಡ್ ಲೆನ್ಸ್ ಬಿಚ್ಚಿ, ದೂರದ್ದನ್ನು ಹತ್ತಿರ ತೋರಿಸುವ 70-200 ಲೆನ್ಸ್ ಹಾಕಿ, ಹಿಂದಕ್ಕೆ ಎತ್ತರದ ಜಾಗಕ್ಕೆ ಹೋಗಿ ನಿಂತು ತೆಗೆಯುತ್ತಾ ಹೋದೆ.

ಹತ್ತು ನಿಮಿಷ ಆದ ಮೇಲೆ ತಿರುಗಿದರೆ ಮಾವ ಇಲ್ಲ.

ಕೂಗಿದೆ. ನದಿ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಆ ಎತ್ತರದಲ್ಲಿ ಓಡೋಕೂ ಆಗಲ್ಲ. ಊರಲ್ಲಿ ಅವ್ವನಿಗೆ ಏನು ಹೇಳಲಿ ಅನ್ನೋದೇ ತಲೆಯಲ್ಲಿ. ಅಷ್ಟರಲ್ಲಿ ಕೆಳಗಿಂದ ಸೀಟಿ ಕೇಳಿತು. ಅರಣ್ಯ ಇಲಾಖೆಯ ಗಾರ್ಡ್ ಒಬ್ಬರು ಕೈ ಬೀಸುತ್ತಾ ಯಾರನ್ನೋ ವಾಪಸ್ ಕರೆಯುತ್ತಿದ್ದರು. ಅವರು ಕೈ ತೋರಿಸಿದ ಕಡೆ ಲೆನ್ಸ್ ತಿರುಗಿಸಿ ನೋಡಿದೆ. ನನ್ನ ಎಮ್ಮೆ ಕಲ್ಲಿನ ಬುಡದಲ್ಲಿ ಒಂದು ಕೆಂಪು ಚುಕ್ಕೆ. ಮಾವನ ಸ್ವೆಟರ್! ಕೈಯಲ್ಲಿ ತಾಮ್ರದ ಗಿಂಡಿ. ಎಮ್ಮೆಯಷ್ಟು ಅಂದುಕೊಂಡಿದ್ದ ಆ ಕಲ್ಲು ಎರಡು ಅಂತಸ್ತಿನ ಮನೆಯಷ್ಟಿತ್ತು. ಆ ಕ್ಷಣದಲ್ಲಿ ಕಣ್ಣೊಳಗೆ ಎಲ್ಲವೂ ಒಮ್ಮೆಲೇ ಬೆಳೆಯಿತು. ಕಲ್ಲು ಬೆಳೆಯಿತು, ಗೋಡೆ ಬೆಳೆಯಿತು, ಅದರ ಹಿಂದಿನ ಶಿಖರ ಎಲ್ಲಿಗೋ ಹೋಯಿತು. ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು. ಬೆರಳು ಮಾತ್ರ ತನ್ನ ಪಾಡಿಗೆ ಕ್ಲಿಕ್ ಮಾಡುತ್ತಿತ್ತು, ಇಪ್ಪತ್ತು ವರ್ಷದ ಅಭ್ಯಾಸ.

ಮಾವ ಬೈಸಿಕೊಂಡು ಮೇಲೆ ಬಂದರು. ಬಾಯಿಯ ಹತ್ತಿರ ಹೋಗೋದು ನಿಷೇಧ, ಮಂಜುಗಡ್ಡೆ ಯಾವಾಗ ಬೀಳುತ್ತದೋ ಹೇಳೋಕಾಗಲ್ಲ. ಗಾರ್ಡ್ ಹೇಳಿದ್ದು ಸುಮ್ನೆ ಅಲ್ಲ. ನಾನು ಸಿಟ್ಟಿನಲ್ಲಿ ಮಾತು ಬಿಟ್ಟು, ಫೋನನ್ನು ಟ್ರೈಪಾಡಿಗೆ ಸಿಕ್ಕಿಸಿ ವಿಡಿಯೋ ಹಾಕಿ ಕೂತಿದ್ದೆ. ಇಪ್ಪತ್ತು ನಿಮಿಷದ ಮೇಲೆ ಗೋಡೆಯ ಮೇಲಂಚಿನಿಂದ ಒಂದು ತುಂಡು ಕಳಚಿತು. ಬಹಳ ನಿಧಾನ ಬಿತ್ತು, ಹತ್ತಿ ಬಿದ್ದ ಹಾಗೆ. ಸದ್ದೇ ಇಲ್ಲ. ಕೆಳಗೆ ಬೂದಿಯ ತರ ಪುಡಿ ಎದ್ದಿತು, ಆಗಲೂ ಸದ್ದಿಲ್ಲ. ಆಮೇಲೆ ಗುಡುಗು ಬಂತು, ಕೂತ ಕಲ್ಲು ನಡುಗಿತು.

"ಕ್ವಾರಿ ಬ್ಲಾಸ್ಟಿಂಗ್ ಹಂಗಾತು" ಅಂದರು ಮಾವ. "ಮೊದಲ ಧೂಳು ಕಾಣತೈತಿ, ಆಮ್ಯಾಲೆ ಸದ್ದು. ಇದು ಬಾಳ ದೂರ ಐತೋ."

ಇಬ್ಬರೂ ರೊಟ್ಟಿ, ಕೆಂಪು ಚಟ್ನಿ ತಿಂದೆವು. ಈ ಹಿಮನದಿ ಹಿಂದೆ ಸುಮಾರು 30 ಕಿಲೋಮೀಟರ್ ಉದ್ದ ಇದೆ, ಕೆಲವು ಕಡೆ ಅಗಲ ಎರಡು ಕಿಲೋಮೀಟರ್ ದಾಟುತ್ತದೆ ಅಂದೆ. ಮಾವ ಅಗಿಯೋದು ನಿಲ್ಲಿಸಿ ಲೆಕ್ಕ ಹಾಕಿದರು. ಅಂದರೆ ಗಂಗಾವತಿಯಿಂದ ಕಾರಟಗಿವರೆಗೆ, ಹೆಚ್ಚುಕಡಿಮೆ. ಆ ರಸ್ತೆಯ ಎರಡೂ ಕಡೆ ಗದ್ದೆ ಇದೆಯಲ್ಲ, ಅಲ್ಲೆಲ್ಲ ಭತ್ತದ ಬದಲು ಮಂಜುಗಡ್ಡೆ. ನಮ್ಮ ಡ್ಯಾಮಿನ ಉದ್ದ 2,449 ಮೀಟರ್. 33 ಗೇಟಿನ ಸಮೇತ ಎತ್ತಿ ತಂದು ಅಡ್ಡ ಇಟ್ಟರೆ ಈ ದಂಡೆಯಿಂದ ಆ ದಂಡೆ ಮುಟ್ಟುತ್ತದೆ. "ಹಂಗ ಹೇಳು ಮತ್ತ" ಅಂದರು. ಟೆಹ್ರಿಯಿಂದ ಮುದುಡಿದ್ದ ಮುಖ ಅವತ್ತು ಅರಳಿತು.

ಭೋಜ್‌ಬಾಸಾಕ್ಕೆ ವಾಪಸ್ ಬರುವಾಗ ಮೂರು ಗಂಟೆ. ಹಳ್ಳದಲ್ಲಿ ನೀರು ದಿಮ್ಮಿಗೆ ತಾಗುತ್ತಿತ್ತು. ಬೆಳಿಗ್ಗೆ ಇಟ್ಟ ಮೂರು ಬೆಣಚುಕಲ್ಲು ಕಾಣಲಿಲ್ಲ. ಮಾವ ದಂಡೆಯಲ್ಲಿ ಕೂತು ಕೋಲು ಇಳಿಸಿ ನೋಡಿ, "ಒಂದು ಅಡಿ ಏರೈತಿ" ಅಂದರು. ಜೇಬಿನಿಂದ ಪಾಕೆಟ್ ಡೈರಿ ತೆಗೆದು ಟೈಮ್ ಸಮೇತ ಬರೆದುಕೊಂಡರು. ಮೊದಲು ಅವರು ದಾಟಿದರು, ಹಿಂದೆ ನಾನು ಕೂತು ಕೂತೇ ಜರುಗಿದೆ. ಪ್ಯಾಂಟ್ ಒದ್ದೆಯಾಯಿತು, ಮರ್ಯಾದೆಯೂ ಹೋಯಿತು.

ಇಳಿದು ಬಂದ ದಿನ

ಬರುವಾಗ ಮೋಡ ಮುಚ್ಚಿತ್ತು, ಶಿಖರ ಏನೂ ಕಾಣಲಿಲ್ಲ. ನನ್ನ ಮೊಣಕಾಲು ನೋವು, ಮಾವ ಹಾಡು ಹೇಳುತ್ತಾ ಮುಂದೆ. ಗಂಗೋತ್ರಿಯ ಬೆಚ್ಚಗಿನ ರೂಮಿಗೆ ಹೋದ ತಕ್ಷಣ ಕ್ಯಾಮೆರಾ ಚೀಲ ಬಿಚ್ಚಿದೆ, ಲೆನ್ಸ್ ಒಳಗೆ ಹಬೆ ಹಿಡಿಯಿತು. ಹೊರಗಿನ ಚಳಿಯಿಂದ ಬಂದರೆ ಚೀಲ ಮುಚ್ಚೇ ಎರಡು ಗಂಟೆ ಬಿಡಬೇಕು. ತೇವ ಹೀರಲು ಲೆನ್ಸನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡಬೇಕೇನೋ ಅಂತ ಮೂರು ದಿನ ಚಿಂತೆ ಮಾಡಿದೆ, ಆಮೇಲೆ ತಾನಾಗೇ ಆರಿತು.

ಗಂಗಾವತಿಗೆ ಬಂದ ಮೇಲೆ

ನಿಲ್ದಾಣದಲ್ಲಿ ಇಳಿದು ಮೊದಲು ಒಗ್ಗಾಣಿ, ಮಿರ್ಚಿ ತಿಂದೆವು. ಆಮೇಲೆ ಮನೆ.

ಆ ಬೀಳುವ ತುಂಡಿನ ವಿಡಿಯೋ ನೋಡಿದವರೆಲ್ಲ "ಸ್ಲೋ ಮೋಷನ್ ಹಾಕೀಯೇನೋ" ಅಂತ ಕೇಳಿದರು. ಇಲ್ಲ ಅಂದರೆ ನಂಬಲ್ಲ. ಪಿಯುಸಿ ಸೈನ್ಸ್ ಓದುವ ನನ್ನ ಮಗಳು ಅದನ್ನು ಕಂಪ್ಯೂಟರಿಗೆ ಹಾಕಿ ಒಂದೊಂದೇ ಫ್ರೇಮ್ ಎಣಿಸಿದಳು. ಕಳಚಿದಲ್ಲಿಂದ ನೆಲ ಮುಟ್ಟೋವರೆಗೆ 62 ಫ್ರೇಮ್. ಸೆಕೆಂಡಿಗೆ 25ರ ಲೆಕ್ಕದಲ್ಲಿ ಎರಡೂವರೆ ಸೆಕೆಂಡು. ಎತ್ತರದಿಂದ ಬಿಟ್ಟ ಕಲ್ಲು ಅಷ್ಟು ಹೊತ್ತಿನಲ್ಲಿ 30 ಮೀಟರ್ ಬೀಳುತ್ತದೆ ಅಂತ ಸೂತ್ರ ಹಾಕಿ ತೋರಿಸಿದಳು. ನೆಲ ಮುಟ್ಟಿದಲ್ಲಿಂದ ಸದ್ದು ಬರೋವರೆಗೆ 48 ಫ್ರೇಮ್. ಆ ಚಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 330 ಮೀಟರ್ ಓಡುತ್ತದೆ, ಅಂದರೆ ನಾವು ಕೂತದ್ದು ಆರುನೂರು ಮೀಟರ್ ಆಚೆ. ನಾನು ಎಂಟು ನೂರು ಫೋಟೋ ತೆಗೆದು ಹೇಳಲಾಗದ್ದನ್ನು ಇವಳು ರಫ್ ಪುಸ್ತಕದ ಹಾಳೆಯಲ್ಲಿ ಹೇಳಿಬಿಟ್ಟಳು. ಮಾವ ಕನ್ನಡಕ ಹಾಕಿಕೊಂಡು ಹಾಳೆ ನೋಡಿ, "ನೂರು ಅಡಿ ಆತು. ಡ್ಯಾಮಿಗಿಂತ ಅರವತ್ತು ಅಡಿ ಕಮ್ಮಿ" ಅಂತ ಅದನ್ನೂ ಡೈರಿಗೆ ಇಳಿಸಿದರು.

ಕಲ್ಲಿನ ಬುಡದ ಆ ಫೋಟೋ ಒಂದನ್ನು ದೊಡ್ಡದಾಗಿ ಪ್ರಿಂಟ್ ಹಾಕಿ ಅವ್ವನಿಗೆ ಕೊಟ್ಟೆ. ಅವ್ವ ಬೆಳಕಿಗೆ ಹಿಡಿದು ನೋಡಿದಳು. "ಬರೀ ಕಲ್ಲು ಮಣ್ಣು. ಇದಕ್ಕ ಅಷ್ಟು ರೊಕ್ಕ ಸುರಿದು ಹೋದ್ರೇನು?" ಅಂದಳು. ಆಮೇಲೆ ಸೆರಗಿನ ತುದಿ ಉಗುಳಿಗೆ ತಾಗಿಸಿ ಫೋಟೋದ ಒಂದು ಮೂಲೆ ಒರೆಸೋಕೆ ಶುರು ಮಾಡಿದಳು.

"ಯಾಕವ್ವಾ?"

"ಕುಂಕುಮ ಬಿದ್ದೈತಿ ನೋಡು, ಹೋಗವಲ್ದು."

"ಅವ್ವಾ, ಅದು ನಿನ್ನ ತಮ್ಮ."

ಅವ್ವ ಒರೆಸೋದು ನಿಲ್ಲಿಸಿದಳು. ಚುಕ್ಕೆ ನೋಡಿದಳು, ಕಲ್ಲು ನೋಡಿದಳು, ಮೇಲೆ ಗೋಡೆ ನೋಡಿದಳು, ಬೆರಳಿಟ್ಟುಕೊಂಡು ಮೇಲೆ ಮೇಲೆ ಹೋದಳು. ಆಮೇಲೆ ಅಡುಗೆಮನೆ ಕಡೆ ತಿರುಗಿ ಚಹಾ ಕುಡಿಯುತ್ತಿದ್ದ ಮಾವನನ್ನು ಅರ್ಧ ಗಂಟೆ ಬೈದಳು. ಮಾವ ಈಗ ಅದೇ ಫೋಟೋವನ್ನು ಇನ್ನೂ ದೊಡ್ಡದು ಹಾಕಿಸು ಅಂತ ಬೆನ್ನು ಹತ್ತಿದ್ದಾರೆ, ಕೈಯಲ್ಲಿನ ಗಿಂಡಿ ಕಾಣಬೇಕಂತೆ.